ಸೂರ್ಯನ ಹಲಗೆ, ಲಗಮಣ್ಣನ ಜನರೇಟರ್

ಡಾಕ್ಟರು ನನಗೆ ವಿಶ್ರಾಂತಿ ಬರೆದುಕೊಟ್ಟರು. ಗುಳಿಗೆ ಬರೆದುಕೊಟ್ಟಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ತೊಂಬತ್ಮೂರನೆಯ ಇಸವಿ, ಮೇ ತಿಂಗಳು. ನನ್ನ ನಾದಿನಿ ಗಿರಿಜಾಳನ್ನು ನೋಡಲು ಬಂದ ಹನ್ನೊಂದನೆಯ ತಂಡ ಚಿಕ್ಕೋಡಿಯ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದು, ಚಹಾ ಕುಡಿದು, ‘ಊರಿಗಿ ಹೋಗಿ ತಿಳಸ್ತೀವ್ರಿ’ ಎಂದು ಹೇಳಿ ಹೊರಟಿತು. ಅವರ ಬೆನ್ನು ಕಾಣದಾದ ಮೇಲೆ ಒಲೆಯ ಮುಂದೆ ಕುಳಿತವಳು ನಾನು ಏಳಲಿಲ್ಲ. ಡಾಕ್ಟರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಕಡಿಮಿ ಐತಿ, ದಣಿವ ಜಾಸ್ತಿ ಆಗೇತಿ. ನಾಕ ದಿನಾ ಎಲ್ಲಿಗರೆ ಕರಕೊಂಡ ಹೋಗ್ರಿ ಮಾಸ್ತರ, ಹವಾ ಬದಲಾಗಲಿ," ಎಂದು ನನ್ನ ಗಂಡನಿಗೆ ಹೇಳಿದರು.

ನನ್ನ ಗಂಡ ವಿರುಪಾಕ್ಷಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಮನೆಯಲ್ಲಿ ಫ್ಯೂಜು ಹೋದರೆ ಪಕ್ಕದ ಮನೆಯವರನ್ನು ಕರೆಯುತ್ತಾರೆ. ಈ ಎರಡು ಸಂಗತಿಗಳಲ್ಲಿ ಏನಾದರೂ ವಿರೋಧವಿದೆ ಎಂದು ಅವರಿಗೆ ಈವರೆಗೆ ಅನ್ನಿಸಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹೆಂಡತಿಯನ್ನು ಬಸ್ಸಿನಲ್ಲಿ ಕೂಡಿಸಿ ತವರಿಗೆ ಕಳಿಸುತ್ತಿದ್ದರು. ಇವರು ಯಾವುದೋ ಮಾಸಪತ್ರಿಕೆಯಲ್ಲಿ, ಪರದೇಶದವರು ಗಾಡಿಯೊಳಗೇ ಮನೆ ಕಟ್ಟಿಕೊಂಡು ಬೇಕಾದ ಬಯಲಿನಲ್ಲಿ ನಿಲ್ಲಿಸಿ ವಾಸ ಮಾಡುತ್ತಾರೆ ಎಂದು ಓದಿದ್ದರು. ಮರುದಿನವೇ ನಿಪ್ಪಾಣಿಗೆ ಹೋಗಿ, ತಂಬಾಕಿನ ವ್ಯಾಪಾರ ಮಾಡುವ ಗೆಳೆಯನೊಬ್ಬನಿಂದ ಹಳೆಯ ಮೆಟಾಡೋರ್ ಕೇಳಿ ತಂದರು. ಒಳಗೆ ಎರಡು ಹಲಗೆಯ ಮಂಚ, ಒಂದು ಸ್ಟೋವು, ಒಂದು ನೀರಿನ ಪೀಪಾಯಿ ಕೂತವು. ಮೇಲೆ, ಛಾವಣಿಯ ಮೇಲೆ, ಪ್ರದರ್ಶನವೊಂದರಲ್ಲಿ ಮೆಚ್ಚಿ ತಂದ ಸೋಲಾರ್ ಫಲಕ ಕೂತಿತು. ಬಾಗಿಲಿನಷ್ಟು ಅಗಲ, ಕರೀ ಗಾಜು. ಅದರಿಂದ ಇಳಿದ ವೈರು ಮಂಚದ ಕೆಳಗಿನ ಟ್ರ್ಯಾಕ್ಟರ್ ಬ್ಯಾಟರಿಗೆ, ಬ್ಯಾಟರಿಯಿಂದ ಹೊರಟ ವೈರು ಒಂದು ಮೊಳದ ಟ್ಯೂಬ್‌ಲೈಟಿಗೂ ತಾಟಿನಷ್ಟು ದೊಡ್ಡ ಫ್ಯಾನಿಗೂ ಹೋಗುತ್ತಿತ್ತು.

ಹೀಗೆ, ನನ್ನನ್ನು ಅಡುಗೆಮನೆಯಿಂದ ದೂರ ಒಯ್ಯುವ ಬದಲು ಅಡುಗೆಮನೆಯನ್ನೂ ನನ್ನನ್ನೂ ಒಟ್ಟಿಗೆ ದೂರ ಒಯ್ಯುವ ವ್ಯವಸ್ಥೆಯಾಯಿತು.

ನಾನು ಒಂದೇ ಮಾತು ಹೇಳಿದೆ: "ಸೋಮವಾರ ಬೋರಗಾಂವದವರು ಬರತಾರ್ರಿ. ಅಷ್ಟರಾಗ ಮನ್ಯಾಗ ಇರಬೇಕು."

ಬೋರಗಾಂವದ ಕಾಕಾಸಾಹೇಬರ ಮನೆತನವೇ ಹನ್ನೆರಡನೆಯದು. ಅವರದು ಪಾವರ್‌ಲೂಮ್ ಮಗ್ಗಗಳ ಮನೆ. ಮಗ ಭೀಮಸಿ ಒಳ್ಳೆಯವನು, ದುಡಿಯುವವನು ಎಂದು ಕೇಳಿದ್ದೆವು. ಗಿರಿಜಾಳಿಗೆ ಇಪ್ಪತ್ತೇಳು. ನಾವು ಇಪ್ಪತ್ತಮೂರು ಎಂದು ಹೇಳುತ್ತಿದ್ದೆವು. ಈ ಸಲವೂ ತಪ್ಪಿದರೆ ಎರಡನೆಯ ಸಂಬಂಧದ ಗಂಡುಗಳನ್ನು ನೋಡಬೇಕಾಗುತ್ತದೆ ಎಂದು ಅತ್ತೆ ಶಿವಗಂಗವ್ವ ದೇವರ ಮುಂದೆ ಗಟ್ಟಿಯಾಗಿ, ಗಿರಿಜಾಳಿಗೆ ಕೇಳುವಂತೆ, ಹೇಳುತ್ತಿದ್ದರು. ಗಿರಿಜಾ ನೆಲ ನೋಡುತ್ತ ಕೇಳುತ್ತಿದ್ದಳು. ಹನ್ನೊಂದು ಸಲ ತಲೆ ತಗ್ಗಿಸಿ ಕೂತು ಅವಳ ಕತ್ತಿಗೆ ಅದೇ ರೂಢಿಯಾಗಿತ್ತು.

"ರವಿವಾರ ಸಂಜೀಕೆ ಹೊಳ್ಳಿ ಬರೂಣು," ಎಂದರು ನಮ್ಮವರು. ಆಮೇಲೆ ಕೂತು ಬಂಧುಬಳಗಕ್ಕೆ ಏಳು ಕಾರ್ಡು ಬರೆದರು. ಒಂದು ಕಾರ್ಡು ಅಥಣಿಯಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದ ಅಣ್ಣ ಲಗಮಣ್ಣನಿಗೆ. ಒಂದು, ಹೊಸ ಬೀಗರಿಗೆ ನಮ್ಮ ಪ್ರಗತಿ ತಿಳಿಯಲಿ ಎಂದು, ಬೋರಗಾಂವದ ಕಾಕಾಸಾಹೇಬರಿಗೆ. ಎಲ್ಲದರಲ್ಲೂ ಒಂದೇ ಒಕ್ಕಣೆ:

‘ನಾವು ಚಿಕ್ಕೋಡಿಯ ಮನೆ ಬಿಟ್ಟಿದ್ದೇವೆ. ಇನ್ನು ನಾಲ್ಕು ಗಾಲಿಯ ಮೇಲೆ ನಮ್ಮ ಸಂಸಾರ. ಕರೆಂಟಿನ ಹಂಗು ಹರಿದುಕೊಂಡಿದ್ದೇವೆ. ಸೂರ್ಯನೇ ನಮ್ಮ ದೀಪ. ಮೊಕ್ಕಾಂ ಅಲಖನೂರ, ಬಯಲು.’

ನಾನು ಅದನ್ನು ಮೊದಲೇ ನೋಡಿದ್ದರೆ ‘ನಾಲ್ಕು ದಿನದ ಮಟ್ಟಿಗೆ’ ಎಂಬ ಮೂರು ಶಬ್ದಗಳನ್ನು ಸೇರಿಸುತ್ತಿದ್ದೆ. ಆಗ ನಾನು ಅಟ್ಟದ ಮೇಲೆ ಖಾರಪುಡಿಯ ಡಬ್ಬಿ ಹುಡುಕುತ್ತಿದ್ದೆ. ಕಾರ್ಡಿನ ಕರಡನ್ನು ಅವರು ನನಗೆ ಓದಿ ತೋರಿಸಿದ್ದು ಟಪಾಲಿಗೆ ಹಾಕಿ ಬಂದ ಮೇಲೆ, ಮೆಚ್ಚುಗೆಗಾಗಿ.

ಬುಧವಾರ ಮುಂಜಾನೆ ಅತ್ತೆ, ಗಿರಿಜಾ, ನಾವಿಬ್ಬರು ರಾಯಬಾಗ ತಾಲ್ಲೂಕಿನ ಅಲಖನೂರಿಗೆ ಹೊರಟೆವು. ಅತ್ತೆಯ ತವರಿನವರದೊಂದು ಬಿತ್ತದೆ ಬಿಟ್ಟ ಪಡ ಹೊಲ ಅಲ್ಲಿದೆ. ಒಂದು ಬೇವಿನ ಗಿಡ, ಒಂದು ಬಾವಿ, ಸುತ್ತ ಕಬ್ಬು. ಕರೆಂಟಿನ ಕಂಬ ಒಂದು ಮೈಲಿ ಆಚೆ. "ಇದ ನಮಗ ಬೇಕಾದ ಜಾಗಾ," ಎಂದರು ನಮ್ಮವರು, ಸೀನುತ್ತ. ಚಿಕ್ಕೋಡಿ ದಾಟುವ ಮೊದಲೇ ನಾಲ್ವರೂ ಸೀನಲು ಸುರು ಮಾಡಿದ್ದೆವು. ಹನ್ನೆರಡು ವರ್ಷ ತಂಬಾಕು ಹೊತ್ತ ಗಾಡಿ ಅದು. ಫಿನಾಯಿಲಿನಿಂದ ಎರಡು ಸಲ ತೊಳೆದಿದ್ದಕ್ಕೆ ತಂಬಾಕಿನ ಜೊತೆ ಫಿನಾಯಿಲೂ ಸೇರಿತ್ತು, ಅಷ್ಟೆ.

ಗಾಡಿ ನಿಂತ ಕೂಡಲೇ ನಮ್ಮವರು ನಮ್ಮನ್ನು ಬೇವಿನ ಗಿಡದ ಕೆಳಗೆ ಸಾಲಾಗಿ ನಿಲ್ಲಿಸಿ ಪಾಠ ಮಾಡಿದರು. "ಸೂರ್ಯನ ಬಿಸಲು ಫಲಕದ ಮ್ಯಾಲ ಬೀಳತೈತಿ. ಅದು ಬ್ಯಾಟರಿ ತುಂಬತೈತಿ. ಸಂಜೀಕೆ ನಾವು ಲೈಟ ಹಚ್ಚತೀವಿ. ಸಪ್ಪಳಿಲ್ಲ, ಹೊಗಿ ಇಲ್ಲ, ಎಣ್ಣಿ ಇಲ್ಲ. ಒಂದ ನಿಯಮ. ಫಲಕಕ್ಕ ಯಾರೂ ಕೈ ಹಚ್ಚಬಾರದು."

ಊಟ ಮಾಡಿ ಅವರು ಮಲಗಿದರು. ಸೂಟಿಯ ದಿನಗಳಲ್ಲಿ ನಡುಹೊತ್ತಿನಿಂದ ನಾಲ್ಕರವರೆಗೆ ಮಲಗುವುದು ಅವರ ವ್ರತ.

ಅತ್ತೆ ಸಂಡಿಗೆ ಹಿಟ್ಟಿನ ಪಾತ್ರೆಯ ಬಟ್ಟೆ ತೆಗೆದರು. ಮೇ ತಿಂಗಳಲ್ಲಿ ನಾಲ್ಕು ದಿನದ ಬಿಸಿಲು ಸುಮ್ಮನೆ ಹೋಗುವುದನ್ನು ನೋಡುವ ಹೆಂಗಸರು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅವರು ಸುತ್ತ ನೋಡಿದರು. ನೆಲದಲ್ಲಿ ಧೂಳು, ಇರುವೆ, ಕೋಳಿ. ಆಮೇಲೆ ಮೇಲೆ ನೋಡಿದರು.

"ಸಾವಿತ್ರಿ, ಆ ಕಾಜಿನ ಹಲಗಿ ಚಲೋ ಕಾದೈತೇನ ನೋಡು."

"ಅದಕ್ಕ ಕೈ ಹಚ್ಚಬ್ಯಾಡ್ರಿ ಅಂದಾರಲ್ರಿ ಅತ್ತಿ."

"ಕೈ ಯಾಕ ಹಚ್ಚೂಣು? ಧೋತರಾ ಹಾಸು. ಅದರ ಮ್ಯಾಲ ಹಾಕು."

ನಾನು ಬಿ.ಎ. ಮಾಡಿದ್ದು ಇತಿಹಾಸದಲ್ಲಿ. ಆದರೂ ಏಣಿಯ ಮೂರನೆಯ ಮೆಟ್ಟಿಲಿನಲ್ಲಿ ನನಗೊಂದು ಅನುಮಾನ ಬಂತು. ಅನುಮಾನ ಬರುವುದು ಬೇರೆ, ಅತ್ತೆ ಮತ್ತು ಗಂಡನ ನಡುವೆ ನಿಂತು ಅದನ್ನು ಬಾಯಿಗೆ ತರುವುದು ಬೇರೆ. ಒಂಬತ್ತು ವರ್ಷದ ಸಂಸಾರದಲ್ಲಿ ನಾನು ಎರಡನೆಯದನ್ನು ಎರಡು ಸಲ ಮಾತ್ರ ಮಾಡಿದ್ದೇನೆ, ಎರಡು ಸಲವೂ ಇಬ್ಬರೂ ಒಂದಾಗಿ ನನ್ನ ಮೇಲೆ ತಿರುಗಿದ್ದಾರೆ. ಧೋತರ ಹಾಸಿ, ಸಾಲಾಗಿ ಸಂಡಿಗೆ ಇಟ್ಟೆ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಅತ್ತೆ ಅದನ್ನು ಇಳಿಸಿಸಿದರು. ನಮ್ಮವರು ಎದ್ದು ಆಕಳಿಸುತ್ತ ಮೇಲೆ ನೋಡಿದಾಗ ಫಲಕ ಫಳಫಳ ಹೊಳೆಯುತ್ತಿತ್ತು.

ಸಂಜೆ, ದೀಪ ಹಚ್ಚುವ ಹೊತ್ತಿಗೆ, ನಮ್ಮನ್ನೆಲ್ಲ ಸುತ್ತ ಕೂಡಿಸಿ ಅವರು ಬಟನ್ ಒತ್ತಿದರು. ಟ್ಯೂಬು ಹೊತ್ತಿತು. ಅವರ ಮುಖವೂ ಹೊತ್ತಿತು. ಹತ್ತು ನಿಮಿಷಕ್ಕೆ ಟ್ಯೂಬು ಹಳದಿಯಾಗಿ, ಕೆಂಪಾಗಿ, ಬೀಡಿಯ ತುದಿಯಷ್ಟಾಗಿ, ಆರಿತು.

"ಇವತ್ತ ಮೋಡ ಇತ್ತು," ಎಂದರು.

ಮೇ ತಿಂಗಳ ರಾಯಬಾಗದಲ್ಲಿ ಮೋಡ. ನಾವು ಮೂವರೂ ಹೌದೆಂದೆವು.

ಬೇಸ್ತವಾರ ಹತ್ತು ಗಂಟೆಗೆ ಕಬ್ಬಿನ ನಡುವಿನ ದಾರಿಯಲ್ಲಿ ಧೂಳೆದ್ದಿತು. ಟ್ರ್ಯಾಕ್ಟರ್. ಟ್ರೇಲರಿನಲ್ಲಿ ಒಂದು ಜನರೇಟರ್, ಅದಕ್ಕೆ ಹಚ್ಚುವ ಬಲ್ಬು, ದೊಡ್ಡ ಫ್ಯಾನು, ಎರಡು ಚೀಲ ಜೋಳ, ಮನೆಗೆ ಹೊದಿಸುವ ಹಳೆಯ ಪತ್ರಾಸು ತಗಡಿನ ಒಂದು ಕಟ್ಟು. ಮೇಲೆ ಭಾವ ಲಗಮಣ್ಣ. ಅವರ ಕಣ್ಣು ಕೆಂಪಾಗಿದ್ದವು.

"ವಿರುಪಾಕ್ಷಿ," ಎಂದರು, ಇಳಿದವರೇ ತಮ್ಮನ ಹೆಗಲ ಮೇಲೆ ಕೈ ಇಟ್ಟು. "ಮನಿ ಬಿಡೂ ಮಟಾ ನನಗ ಒಂದ ಮಾತ ಹೇಳಬಾರದೇನೋ? ನಾ ಸತ್ತಿದ್ನೇನ?"

"ಏನ ಹೇಳೂದಣ್ಣಾ? ಎಲ್ಲಾ ಕಾರ್ಡಿನ್ಯಾಗ ಬರದೀನಲ್ಲ."

"ಓದೇನಲ್ಲ! ಸೂರ್ಯನ ದೀಪ ಅಂತ! ಯಪ್ಪಾ, ಅಪ್ಪನ ಕಾಲದಾಗೂ ಕಂದೀಲ ಇತ್ತಲ್ಲೋ ನಮ್ಮ ಮನ್ಯಾಗ!"

ಮನೆ ಇನ್ನೂ ನಮ್ಮದೇ ಎಂದು ಅವರಿಗೆ ತಿಳಿಸಿ ಹೇಳಲು ಒಂದು ಗಂಟೆ ಹಿಡಿಯಿತು. ತಿಳಿದ ಮೇಲೆ ಅವರಿಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು. ಇಪ್ಪತ್ತೆಂಟು ಮೈಲಿ ಅಳುತ್ತ ಬಂದ ಮನುಷ್ಯನಿಗೆ ಅದು ಸಹಜ. ಆ ಸಿಟ್ಟನ್ನು ಅವರು ಫಲಕದ ಮೇಲೆ ತೀರಿಸಿಕೊಂಡರು.

"ಬಿಸಲಿನಿಂದ ಏನ ಆಗತೈತಿ ಅನ್ನೂದು ನನಗ ಹೇಳಬ್ಯಾಡ. ಬಿಸಲಿಗಿಟ್ಟರ ದ್ರಾಕ್ಷಿ ಒಣದ್ರಾಕ್ಷಿ ಆಗತೈತಿ. ಕರೆಂಟ ಆಗೂದಿಲ್ಲ. ಕರೆಂಟ ಬೇಕಂದ್ರ ಇದು." ಅವರು ಜನರೇಟರಿನ ಬೆನ್ನು ತಟ್ಟಿದರು. "ಚಿಮಣಿ ಎಣ್ಣಿ ಹಾಕು, ಹಗ್ಗ ಜಗ್ಗು. ಮೋಡ ಕೇಳೂದಿಲ್ಲ, ಹೊತ್ತ ಕೇಳೂದಿಲ್ಲ."

"ಸಪ್ಪಳಾ?"

"ಸಪ್ಪಳ ಆತಂದ್ರ ದುಡೀತೈತಿ ಅಂತ ಅರ್ಥ. ನಿನ್ನ ಹಲಗಿ ಸುಮ್ಮಕೈತಿ, ನಿನ್ನಂಗ."

ಎರಡನ್ನೂ ಪಕ್ಕಪಕ್ಕ ಪರೀಕ್ಷೆಗೆ ಒಡ್ಡುವುದೆಂದು ತೀರ್ಮಾನವಾಯಿತು. ನಮ್ಮವರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡು ಭಾಗ ಮಾಡಿ, ಎರಡಕ್ಕೂ ಐದು ವಿಷಯ ಬರೆದರು: ಬೆಳಕು, ಗಾಳಿ, ವಾಸನೆ, ಸಪ್ಪಳ, ಜನಾಭಿಪ್ರಾಯ. ಜನ ಎಂದರೆ ಅತ್ತೆ, ಗಿರಿಜಾ, ನಾನು. ಮಧ್ಯಾಹ್ನ ಅಣ್ಣ ತಮ್ಮ ಇಬ್ಬರೂ ಮಲಗಿದರು. ಮಲಗುವುದು ಮನೆತನದ ವ್ರತ. ಧೋತರ ಮೇಲೇರಿತು, ನಾಲ್ಕಕ್ಕೆ ಇಳಿಯಿತು.

ಆ ಸಂಜೆ ಟ್ಯೂಬು ಆರು ನಿಮಿಷ ಉರಿಯಿತು. ಆಮೇಲೆ ಭಾವ ಹಗ್ಗ ಜಗ್ಗಿದರು. ಅಲಖನೂರಿನ ಆ ಬಯಲಿನಲ್ಲಿ ಆವರೆಗೆ ಅಂಥ ಸಪ್ಪಳ ಆಗಿರಲಿಲ್ಲ. ನೂರು ಕ್ಯಾಂಡಲ್ಲಿನ ಬಲ್ಬು ಕಣ್ಣು ಕೋರೈಸಿತು, ಫ್ಯಾನು ತಿರುಗಿದ ರಭಸಕ್ಕೆ ಶೇಂಗಾದ ಸಿಪ್ಪೆಯೆಲ್ಲ ಹಾರಿ ಸಾರಿನಲ್ಲಿ ಬಿತ್ತು, ಪಕ್ಕದ ಹೊಲದಲ್ಲಿ ಕುರಿ ತರುಬಿದ್ದ ಮಾಳಸಿದ್ದನ ಹಿಂಡು ಗೂಟ ಕಿತ್ತು ಕಬ್ಬಿನೊಳಗೆ ನುಗ್ಗಿತು. ನಾನು ಅನ್ನ ಬಡಿಸುತ್ತ "ಸಾಕೇನ್ರಿ?" ಎಂದು ಕೇಳಿದರೆ ಯಾರಿಗೂ ಕೇಳಿಸದೆ, ಎಲ್ಲರ ತಾಟಿನಲ್ಲೂ ಗುಡ್ಡವಾಯಿತು.

ನಮ್ಮವರು ನೋಟ್‌ಬುಕ್ಕಿನಲ್ಲಿ ಬರೆದರು: ಸೋಲಾರ್ — ಶಾಂತ, ಆದರೆ ಕತ್ತಲೆ. ಜನರೇಟರ್ — ಬೆಳಕು, ಆದರೆ ಸಹಿಸಲಸಾಧ್ಯ. ನಾನು ಆ ಎರಡು ಸಾಲು ಓದಿ, ಅಣ್ಣತಮ್ಮಂದಿರ ಸ್ವಭಾವವನ್ನು ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲ ಎಂದುಕೊಂಡೆ.

ಶುಕ್ರವಾರ ಮುಂಜಾನೆ ಮಾಳಸಿದ್ದನ ಹೆಂಡತಿ ಚನ್ನವ್ವ ಬಂದಳು. ಕುರಿ ಚೆದುರಿಸಿದ್ದಕ್ಕೆ ಬೈಯಲು ಬಂದವಳು. ಬಂದು ಗಾಡಿಯೊಳಗೆ ಹಣಿಕಿ ಹಾಕಿದಳು. ಮಂಚದ ಮೇಲೆ ಗಂಟುಮೂಟೆ, ಮೊಳೆಗೆ ನೇತು ಹಾಕಿದ ದೇವರ ಫೋಟೋ, ಮೂಲೆಯಲ್ಲಿ ಕೂತು ತಂಬಾಕಿನ ಘಾಟಿಗೆ ಕಣ್ಣೀರು ಒರೆಸಿಕೊಳ್ಳುತ್ತಿದ್ದ ಗಿರಿಜಾ. ಚನ್ನವ್ವ ಬೈಯುವುದನ್ನೇ ಮರೆತಳು.

"ಎಷ್ಟ ದಿನಾ ಆತ ತಂಗಿ, ಮನಿ ಹೋಗಿ?" ಎಂದು ಮೆಲ್ಲಗೆ ನನ್ನನ್ನು ಕೇಳಿದಳು.

"ಮನಿ ಹೋಗಿಲ್ಲವ್ವಾ, ಐತಿ. ಚಿಕ್ಕೋಡ್ಯಾಗ. ಸುಮ್ಮ ಹವಾ ಬದಲ ಮಾಡಾಕ ಬಂದೇವಿ."

"ಹೌದ, ಹೌದ," ಎಂದಳು ಚನ್ನವ್ವ, ನನ್ನ ಕೈ ಹಿಡಿದು. "ಕಲ್ತ ಮಂದಿ, ಹಂಗ ಹೇಳಬೇಕ. ನಾನೂ ಅಪ್ಪನ ಮನಿ ಬಿದ್ದಾಗ ಹಂಗ ಹೇಳತಿದ್ನಿ. ಹವಾ ಅಂತಿದ್ನಿ."

ನಿಜ ಹೇಳಿದಷ್ಟೂ ಅದು ಅಭಿಮಾನದ ಸುಳ್ಳಿನಂತೆ ಕೇಳುವ ಸ್ಥಿತಿ ಬಂದಿತ್ತು. ಹತ್ತು ಗಂಟೆಯೊಳಗೆ ಬುಟ್ಟಿಯಲ್ಲಿ ರೊಟ್ಟಿ ಬಂತು, ಜುಣಕ ಬಂತು, ಗಡಿಗೆಯಲ್ಲಿ ಮಜ್ಜಿಗೆ ಬಂತು, ಗಿರಿಜಾಳಿಗೆ ಒಂದು ಒಗೆದ ಸೀರೆಯೂ ಬಂತು. ಗಾಡಿಯ ಮುಂದೆ ಹೆಂಗಸರು ಸಾಲಾಗಿ ಕೂತು, ಅತ್ತೆಯನ್ನು ನೋಡಿ ನಾಲಗೆ ಲೊಚಗುಟ್ಟಿದರು. ಅತ್ತೆಯ ತವರೂರು ಅದು. ಅವರು ನಾಚಿಕೆಯಿಂದ ನೆಲಕ್ಕಿಳಿದುಹೋದರು.

ನಾನು ಒಪ್ಪಿಕೊಳ್ಳಬೇಕು. ಆ ರೊಟ್ಟಿಗಳನ್ನು ತಿರುಗಿ ಕಳಿಸುವುದು ಧರ್ಮವಾಗಿತ್ತು. ಆದರೆ ಒಂಬತ್ತು ವರ್ಷದಲ್ಲಿ ನಾನು ತಟ್ಟದ ರೊಟ್ಟಿಯನ್ನು ಬಿಸಿಯಾಗಿ ಕೂತು ತಿಂದದ್ದು ಅದೇ ಮೊದಲು. ಮೂರು ತಿಂದೆ. ಡಾಕ್ಟರು ಹೇಳಿದ ವಿಶ್ರಾಂತಿ ನನಗೆ ಸಿಕ್ಕಿದ್ದು ಆ ಅರ್ಧ ಗಂಟೆ, ಅದೂ ತಪ್ಪು ತಿಳುವಳಿಕೆಯ ದೆಸೆಯಿಂದ.

ನಾಲ್ಕು ಗಂಟೆಗೆ ಊರಿನ ಕಂದಾಯದ ಲೆಕ್ಕ ಬರೆಯುವ ತಲಾಠಿ ಜಕ್ಕಪ್ಪ ಸೈಕಲ್ಲಿನ ಮೇಲೆ ಬಂದರು. ಕೈಯಲ್ಲಿ ಉದ್ದನೆಯ ವಹಿ. ಮನೆಯಿಲ್ಲದವರ ಯಾದಿ ಮಾಡುವ ಕೆಲಸ ಅವರ ಮೇಲಿತ್ತು. ತಾಲ್ಲೂಕು ಕಚೇರಿಯಿಂದ ಎರಡು ಸಲ ಕೇಳಿಕೆ ಬಂದಿತ್ತು, ಹಳ್ಳಿಯಲ್ಲಿ ಒಂದು ಹೆಸರು ಕಡಿಮೆ ಬಿದ್ದಿತ್ತು. ಆಗಷ್ಟೇ ನಿದ್ದೆಯಿಂದೆದ್ದಿದ್ದ ನಮ್ಮವರಿಗೆ ವಹಿ ಕಂಡದ್ದೇ ತಡ, ಸರಕಾರ ಸೋಲಾರಿನ ಬಗ್ಗೆ ಮಾಹಿತಿ ಕೇಳಲು ಬಂದಿದೆ ಎಂಬ ನಂಬಿಕೆ ಬಂತು. ಕುರ್ಚಿ ಹಾಕಿಸಿದರು.

"ವಾಸದ ಮನಿ?" ಎಂದು ಕೇಳಿದರು ಜಕ್ಕಪ್ಪ.

"ಇದ ನೋಡ್ರಿ!" ನಮ್ಮವರು ಗಾಡಿಯ ಬಾಗಿಲು ತಟ್ಟಿದರು.

ಜಕ್ಕಪ್ಪ ಬರೆದುಕೊಂಡರು. "ಲೈಟಿನ ಸೌಕರ್ಯ?"

"ಸರಕಾರದ್ದು ಒಂದ ಯೂನಿಟ್ಟೂ ಬ್ಯಾಡ್ರಿ. ಎಲ್ಲಾ ಮ್ಯಾಲಿಂದು." ಆಕಾಶಕ್ಕೆ ಕೈ ತೋರಿಸಿದರು.

ಜಕ್ಕಪ್ಪನವರ ಕೈ ಒಂದು ಕ್ಷಣ ನಿಂತಿತು. "ನೀರು?"

"ಪೀಪಾಯಿ."

"ಎಷ್ಟ ಮಂದಿ ಇರತೀರಿ ಇದರಾಗ?"

"ನಾಕ ಮಂದಿ. ನಮ್ಮಣ್ಣ ಟ್ರೇಲರಿನ್ಯಾಗ ಮಲಗತಾನ. ಭಾಳ ಆರಾಮ ಅದೇವ್ರಿ!"

ಜಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಮಾಸ್ತರ, ಇಪ್ಪತ್ತ ವರ್ಷದಾಗ ಭಾಳ ಮಂದೀನ್ನ ಬರಕೊಂಡೇನಿ. ನಕ್ಕೋತ ಬರಿಸಿದವರ ನೀವ ಒಬ್ಬರು. ಇಲ್ಲಿ ಸಹಿ ಮಾಡ್ರಿ."

"ನೋಡಿ ಮಾಡ್ರಿ," ಎಂದೆ ನಾನು. "ಸರಕಾರದ ಕಾಗದ, ನಾ ನೋಡೇನಿ, ನೀ ಸುಮ್ಮಕಿರು," ಎಂದರು ನಮ್ಮವರು. ಇಂಗ್ಲಿಷಿನಲ್ಲಿ, ಕೆಳಗೆ ಎರಡು ಗೆರೆ ಎಳೆದು, ಬಿ.ಎಸ್ಸಿ., ಬಿ.ಎಡ್. ಎಂದೂ ಸೇರಿಸಿ ಸಹಿ ಮಾಡಿದರು. ಶನಿವಾರ ಮುಂಜಾನೆ ಪಂಚಾಯ್ತಿಯ ಬೋರ್ಡಿನ ಮೇಲೆ ಯಾದಿ ಹಚ್ಚಿದರು. ಮನೆಯಿಲ್ಲದವರ ಹೆಸರಿನ ಮುಂದೆ ಪದವಿಗಳಿದ್ದದ್ದು ಇವರದೊಂದೇ. ಅದನ್ನು ನೋಡಲು ಆಚೆ ಹಳ್ಳಿಗಳಿಂದಲೂ ಜನ ಬಂದರಂತೆ.

ಚನ್ನವ್ವನ ಬಾಯಿಂದ ಇದು ಕೇಳಿ ಗಿರಿಜಾ ನನ್ನ ಪಕ್ಕದಲ್ಲಿ ಬಂದು ಕೂತಳು. "ವೈನಿ, ಬೋರಗಾಂವದವರಿಗಿ ಈ ಸುದ್ದಿ ಮುಟ್ಟಿದ್ರ ಮುಗೀತು. ಹೌದಿಲ್ಲೋ?"

ಸುದ್ದಿ ಮುಟ್ಟುವ ಮಾತೇನು, ಕಾರ್ಡೇ ಮುಟ್ಟಿರುತ್ತದೆ. ಈಗಲೇ ಗಾಡಿ ಏರಿ ಚಿಕ್ಕೋಡಿಗೆ ಹೋಗಿಬಿಡೋಣ ಎಂದು ಏಳುವಷ್ಟರಲ್ಲಿ, ಕಬ್ಬಿನ ದಾರಿಯಲ್ಲಿ ಒಂದು ಮೋಟರ್ ಸೈಕಲ್ ಬಂದು ನಿಂತಿತು. ಮುಂದೆ ಮಗ, ಹಿಂದೆ ಬಿಳಿ ಟೊಪ್ಪಿಗೆಯ ಅಪ್ಪ.

ಕಾಕಾಸಾಹೇಬರು ಇಳಿದು, ಕಿಸೆಯಿಂದ ಕಾರ್ಡು ತೆಗೆದು, ಅದನ್ನೊಮ್ಮೆ ಗಾಡಿಯನ್ನೊಮ್ಮೆ ನೋಡಿದರು. ದಾರಿಯಲ್ಲಿ ಅವರು ಪಂಚಾಯ್ತಿಯ ಮುಂದೆ ವಿಳಾಸ ಕೇಳಲು ನಿಂತಿದ್ದರು. ಬೋರ್ಡನ್ನೂ ಓದಿದ್ದರು.

"ರಾಮ ರಾಮ," ಎಂದರು. "ಸೋಮವಾರ ಚಿಕ್ಕೋಡಿಗಿ ಬರೂದಿತ್ತು. ಆದ್ರ ಮನೀನ ಇಲ್ಲಂದ ಮ್ಯಾಲ ಎಲ್ಲಿಗಿ ಬರೂದು? ಅದಕ್ಕ ಇಲ್ಲೇ ಬಂದೇವಿ. ಖರೆ ಏನು ನೋಡಿ ಹೋಗೂಣಂತ."

ಹೊತ್ತು ಹನ್ನೆರಡೂವರೆ. ಸೂರ್ಯ ನೆತ್ತಿಯ ಮೇಲೆ. ಅವರ ಮಗ ಭೀಮಸಿ ಬೇವಿನ ಗಿಡಕ್ಕೆ ಒರಗಿ ನೆಲ ನೋಡುತ್ತಿದ್ದ. ಆಗಷ್ಟೇ ಮಲಗಿದ್ದ ಅಣ್ಣತಮ್ಮಂದಿರನ್ನು ಎಬ್ಬಿಸಿ, ಬಂದವರನ್ನು ಚಾಪೆ ಹಾಸಿ ಕೂಡಿಸಿದೆವು. ಅಂಥ ಸೆಕೆಯಲ್ಲಿ ಬಂದ ಬೀಗರಿಗೆ ಗಾಳಿ ಬೇಕೇ ಬೇಕು. ನಮ್ಮವರ ಬಾಳಿನ ಮಹತ್ವದ ಗಳಿಗೆ ಅದು. "ಖರೆ ಏನಂದ್ರ," ಎಂದು ಸುರು ಮಾಡಿ ಫ್ಯಾನಿನ ಬಟನ್ ಒತ್ತಿದರು. ಫ್ಯಾನು ಅಲುಗಲಿಲ್ಲ.

"ಇಷ್ಟ ಬಿಸಲ ಐತಲ್ರಿ ಮ್ಯಾಲ!" ಎಂದು ಅವರು ಏಣಿ ಏರಿದರು.

ನಾನು ಕಣ್ಣು ಮುಚ್ಚಿಕೊಂಡೆ.

"ಅವ್ವಾ!"

ಎಲ್ಲರೂ ತಲೆ ಎತ್ತಿದರು. ನಮ್ಮವರು ಛಾವಣಿಯ ಮೇಲೆ ನಿಂತು, ಧೋತರದ ಎರಡು ತುದಿ ಎರಡು ಕೈಯಲ್ಲಿ ಹಿಡಿದಿದ್ದರು. ಸಂಡಿಗೆಗಳು ಜಾರಿ ಅವರ ಪಾದದ ಮೇಲೆ ಬೀಳುತ್ತಿದ್ದವು.

"ಚಲ್ಲಬ್ಯಾಡೋ!" ಎಂದು ಕೂಗಿದರು ಅತ್ತೆ. "ಮೂರ ದಿನದಾಗ ಹೆಂಗ ಒಣಗ್ಯಾವ ನೋಡು! ನಿನ್ನ ಹಲಗಿ ಕೆಲಸಕ್ಕ ಬಾರದ್ದು ಅಂತ ಯಾವನ ಅಂದಾಂವ?"

ಭಾವ ಲಗಮಣ್ಣ ನಗಲಿಲ್ಲ. ಗೆದ್ದವರು ನಗುವುದಿಲ್ಲ. ಎದ್ದು, ಉಟ್ಟ ಧೋತರ ಮೇಲಕ್ಕೆ ಕಟ್ಟಿ, ಜನರೇಟರಿನ ಹಗ್ಗ ಜಗ್ಗಿದರು. ಬಯಲು ನಡುಗಿತು. ಅದರ ಫ್ಯಾನು ಬೀಗರ ಟೊಪ್ಪಿಗೆಯನ್ನು ಎತ್ತಿ ಕಬ್ಬಿನಲ್ಲಿ ಎಸೆಯಿತು. ಅದನ್ನು ತರಲು ಭೀಮಸಿ ಓಡಿದ.

ಹೆಣ್ಣು ನೋಡುವ ಶಾಸ್ತ್ರಕ್ಕೆ ನಮ್ಮಲ್ಲಿ ಒಂದು ದನಿ ಇದೆ. ಕೇಳುವವರು ಮೆಲ್ಲಗೆ ಕೇಳಬೇಕು, ಹುಡುಗಿ ಇನ್ನೂ ಮೆಲ್ಲಗೆ ಹೇಳಬೇಕು, ನಡುವೆ ಕೂತ ಹಿರಿಯರು ಅದನ್ನು ತಮಗೆ ಬೇಕಾದಂತೆ ತಿದ್ದಿ ಮುಂದೆ ದಾಟಿಸಬೇಕು. ಹನ್ನೊಂದು ಸಲವೂ ಹಾಗೇ ಆಗಿತ್ತು. ಜನರೇಟರ್ ಅದಕ್ಕೆ ಆಸ್ಪದ ಕೊಡಲಿಲ್ಲ.

"ಮನೀ ಐತೋ ಇಲ್ಲೋ?" ಎಂದು ಕೂಗಿದರು ಕಾಕಾಸಾಹೇಬರು.

"ಐತ್ರೀ!" ಎಂದು ಕೂಗಿದರು ನಮ್ಮವರು.

"ಸ್ಲ್ಯಾಬಿನ ಮನೀ ಅಂದಿದ್ರಿ!"

"ಮುಂದಿನ ಖೋಲಿ ಅಷ್ಟ ಸ್ಲ್ಯಾಬ್ರೀ! ಹಿಂದೆಲ್ಲಾ ಪತ್ರಾಸ!"

ನಾನು ಬೆರಗಾದೆ. ಎರಡು ವರ್ಷದಿಂದ ನಾವು ಆ ಹಿಂದಿನ ಪತ್ರಾಸನ್ನು ಎಷ್ಟು ನಾಜೂಕಾಗಿ ಮುಚ್ಚಿಟ್ಟಿದ್ದೆವು. ಸುಳ್ಳಿಗೆ ಸಣ್ಣ ದನಿ ಬೇಕು. ಗಂಟಲ ನರ ಉಬ್ಬಿಸಿ ಕೂಗುವಾಗ ಬಾಯಿಗೆ ಬರುವುದು ನಿಜವೊಂದೇ.

"ಹುಡುಗೀ ವಯಸ್ಸ?"

ಅತ್ತೆ ಬಾಯಿ ತೆರೆಯುವ ಮೊದಲೇ ಭಾವ ಕೂಗಿದರು: "ಇಪ್ಪತ್ತೇಳ!" ಕೂಗಿದ ಮೇಲೆ ಬಾಯಿಗೆ ಕೈ ಹಿಡಿದರು. ದೂರದ ಬದುವಿನ ಮೇಲೆ ಕುರಿ ಮೇಯಿಸುತ್ತಿದ್ದ ಮಾಳಸಿದ್ದ ‘ಹೌದೇನ’ ಎಂಬಂತೆ ಇತ್ತ ತಿರುಗಿ ನೋಡಿದ.

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮುಗಿಯಿತು. ಹನ್ನೆರಡನೆಯದೂ ಮುಗಿಯಿತು. ನಾನು ಗಿರಿಜಾಳನ್ನು ನೋಡಿದೆ. ಚನ್ನವ್ವ ಕೊಟ್ಟ ಒಗೆದ ಸೀರೆ ಉಟ್ಟು, ಕಣ್ಣು ಮೂಗು ಕೆಂಪಾಗಿ, ಚಾಪೆಯ ತುದಿಯಲ್ಲಿ ಕೂತಿದ್ದಳು.

"ಏನವ್ವಾ," ಎಂದು ಕಾಕಾಸಾಹೇಬರು ಅವಳಿಗೇ ಕೂಗಿದರು. "ಇಪ್ಪತ್ತೇಳಕ್ಕೂ ಯಾಕ ಮದಿವಿ ಆಗಲಿಲ್ಲ?"

ಗಿರಿಜಾ ತಲೆ ಎತ್ತಿದಳು. ಅವಳು ತಲೆ ಎತ್ತಿ ಯಾರನ್ನಾದರೂ ನೋಡುವುದನ್ನು ನಾನು ಈ ಶಾಸ್ತ್ರದಲ್ಲಿ ಕಂಡಿರಲಿಲ್ಲ.

"ನನ್ನ ಕೇಳತೀರೇನ್ರೀ?" ಎಂದು ಕೂಗಿದಳು. "ಬಂದವರ್ನ ಕೇಳ್ರಿ! ಹನ್ನೊಂದ ಮಂದಿ ಬಂದ್ರು! ಎಲ್ಲಾರೂ ಉಪ್ಪಿಟ್ಟ ತಿಂದ್ರು! ಬಣ್ಣ ನೋಡಿದ್ರು, ಜಡಿ ನೋಡಿದ್ರು, ನಡದ ತೋರಸ ಅಂದ್ರು—"

ಅಷ್ಟರಲ್ಲಿ ಚಿಮಣಿ ಎಣ್ಣೆ ತೀರಿತು. ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು.

"—ಒಬ್ಬರೂ ನನ್ನ ಕೂಡ ಮಾತಾಡಲಿಲ್ಲ!"

ಆ ಮಾತು ಬಾವಿಯೊಳಗೆ ಹೋಗಿ, ಅಲ್ಲಿಂದ ಇನ್ನೊಮ್ಮೆ ಹೊರಬಂತು. ಫ್ಯಾನಿನ ರೆಕ್ಕೆ ಮೆಲ್ಲಗೆ ಸುತ್ತಿ ನಿಂತಿತು. ಛಾವಣಿಯ ಮೇಲಿನಿಂದ ಒಂದು ಸಂಡಿಗೆ ಉರುಳಿ ಬಿತ್ತು.

ಕಾಕಾಸಾಹೇಬರು ಮೊಣಕಾಲ ಮೇಲಿನ ಧೂಳು ಝಾಡಿಸಿದರು. ನಾನು ‘ಊರಿಗಿ ಹೋಗಿ ತಿಳಸ್ತೀವ್ರಿ’ ಎಂಬುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೆ.

"ಮಾಸ್ತರ," ಎಂದರು. "ನಮ್ಮ ಮನ್ಯಾಗ ಹನ್ನೆರಡ ಮಗ್ಗ ಅದಾವ. ಮುಂಜಾನಿ ಸುರು ಆದ್ರ ಒಂದ ಸವನ ಖಟ್ ಖಟ್ ಖಟ್. ನನ್ನ ಹೆಣ್ತಿ ಮಾತಾಡೂದ ಬಿಟ್ಟ ಇಪ್ಪತ್ತ ವರ್ಷ ಆತು. ಕೈಸನ್ನಿ ಮಾಡತಾಳ. ಉಪ್ಪ ಕಡಿಮಿ ಆಗೇತಿ ಅಂತ ನಾ ಹೇಳಿದ್ರ, ಆಕಿ ಚಾದರ ತಂದ ಕೊಡತಾಳ. ನಾಕ ಹುಡಗ್ಯಾರ್ನ ನೋಡಿ ಬಂದೆ. ಎಲ್ಲಾರೂ ಸೆರಗಿನ್ಯಾಗ ಮಾತಾಡತಾರ. ಅಂಥಾಕಿ ಬಂದ್ರ ನಮ್ಮನ್ಯಾಗ ಇಬ್ಬರ ಮೂಕ ಹೆಣಮಕ್ಕಳಾಗತಾರ." ಅವರು ಗಿರಿಜಾಳ ಕಡೆಗೆ ತಿರುಗಿದರು. "ಈ ಹುಡಗಿ ದನಿ ಮಗ್ಗದ ಖೋಲಿ ದಾಟಿ ಬೀದೀ ಮಟಾ ಬರತೈತಿ. ವಯಸ್ಸ ನನಗ ಬ್ಯಾಡ. ಪತ್ರಾಸೂ ಬ್ಯಾಡ. ನಮ್ಮ ಕಡಿಂದ ಒಪ್ಪಿಗಿ. ನಿಶ್ಚಯದ ಸಾಕರಪುಡಿ ದಿನಾ ನೀವ ಹೇಳ್ರಿ."

ಅತ್ತೆ ಸೆರಗು ಸರಿಸಿ ಒಂದು ಕಣ್ಣು ತೆರೆದರು. ನಮ್ಮವರು ಏಣಿಯ ಮೇಲೆ ಅರ್ಧಕ್ಕೆ ನಿಂತುಬಿಟ್ಟರು. ಭಾವ, ಇದೆಲ್ಲ ತಮ್ಮ ಯಂತ್ರದ ಕೃಪೆ ಎಂಬ ಮುಖ ಮಾಡಿ ಅದರ ಬೆನ್ನ ಮೇಲೆ ಕೈ ಇಟ್ಟು, ಬಿಸಿ ತಾಕಿ, ಕೈ ಹಿಂತೆಗೆದುಕೊಂಡರು. ಬಾಯಿ ಸಿಹಿ ಮಾಡಿಸಲು ಸಕ್ಕರೆ ತರಬೇಕೆಂದು ನಾನು ಎದ್ದೆ.

"ಒಂದ ಮಾತ್ರಿ," ಎಂದಳು ಗಿರಿಜಾ.

ಎಲ್ಲರೂ ಅವಳತ್ತ ತಿರುಗಿದರು.

"ಅವರು ಬಂದಾಗಿಂದ ಏನೂ ಅಂದಿಲ್ಲ." ಗಿಡದ ಕೆಳಗೆ ಅಪ್ಪನ ಟೊಪ್ಪಿಗೆ ಹಿಡಿದು ನಿಂತ ಭೀಮಸಿಯನ್ನು ಅವಳು ನೇರವಾಗಿ ನೋಡುತ್ತಿದ್ದಳು.

"ಗಿರಿಜಾ!" ಎಂದರು ಅತ್ತೆ.

"ಇರಲಿ ಬಿಡ್ರಿ," ಎಂದರು ಕಾಕಾಸಾಹೇಬರು. "ಹೇಳೋ ಭೀಮಸಿ."

ಭೀಮಸಿ ಟೊಪ್ಪಿಗೆಯನ್ನು ಸುತ್ತ ಒಂದು ಸಲ ತಿರುಗಿಸಿದ. ಕಿವಿ ಕೆಂಪಾಗಿದ್ದವು. ಅವನ ತುಟಿ ಅಲುಗಿತು.

"ಕೇಳಲಿಲ್ಲ," ಎಂದಳು ಗಿರಿಜಾ.

ಅವನು ಗಂಟಲು ಸರಿ ಮಾಡಿಕೊಂಡ. ಕಬ್ಬಿನ ಕಡೆ ಒಮ್ಮೆ, ಅಪ್ಪನ ಕಡೆ ಒಮ್ಮೆ ನೋಡಿದ. ಆಮೇಲೆ ಹನ್ನೆರಡು ಮಗ್ಗ ಓಡುತ್ತಿರುವಾಗ ಕೂಗುವ ಹಾಗೆ, ಇಡೀ ದನಿ ತೆಗೆದು ಕೂಗಿದ:

"ನನ್ನೂ ಯಾರೂ ಕೇಳಿದ್ದಿಲ್ಲ! ನನಗ ನೀವು ಪಸಂದ ಅದೀರಿ!"

ಕಬ್ಬಿನೊಳಗಿಂದ ಬೆಳ್ಳಕ್ಕಿಗಳು ಭರ್ರನೆ ಎದ್ದವು. ಬದುವಿನ ಮೇಲಿಂದ ಚನ್ನವ್ವ, "ಯಾರಿಗಿ ಏನ ಆತ್ರೇ?" ಎಂದು ಕೂಗಿ ಕೇಳಿದಳು.

ಗಿರಿಜಾ ಸೆರಗು ಸರಿ ಮಾಡಿಕೊಂಡಳು.

"ಕೇಳ್ತು," ಎಂದಳು. ಆಮೇಲೆ ಮೆಲ್ಲಗೆ ಅಂದಳು: "ಆದ್ರೂ ಇನ್ನೊಮ್ಮಿ ಹೇಳ್ರಿ."